ಹಳೆ ಕ್ವಾರಿಯಲ್ಲಿ ಹುಲ್ಲು ಬಂದ ವರ್ಷ

ಕುರಿ ಹಿಕ್ಕೆಯ ವಾಸನೆಗೆ ಯಾರಿಗಾದರೂ ಕಣ್ಣು ತುಂಬಿ ಬರುತ್ತದೆಯೇ? ನನಗೆ ಬಂತು. ಅದೂ ಊಟಕ್ಕೆ ಕರೆದವರ ಮನೆಯಲ್ಲಿ, ಸಾಲಾಗಿ ಕೂತ ಹೆಂಗಸರ ನಡುವೆ, ಎಲೆಯ ಮೇಲೆ ತುಪ್ಪ ಸುರಿದ ಹೋಳಿಗೆ ಇಟ್ಟುಕೊಂಡು.

ಹೋದ ಬೇಸಿಗೆಯ ಮಾತು. ನಾನು ಈಗ ಸಿಂಧನೂರಿನ ಆಚೆ, ಆರ್.ಎಚ್. ಕ್ಯಾಂಪಿನ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜೊತೆಗೆ ಕೆಲಸ ಮಾಡುವ ಟೀಚರೊಬ್ಬರ ಮಗುವಿನ ತೊಟ್ಟಿಲ ಕಾರ್ಯ ವಳಕಮದಿನ್ನಿಯಲ್ಲಿತ್ತು. ಬೇಸಿಗೆ ಭತ್ತ ಕೊಯ್ದು ಮುಗಿದು ಕಾಲುವೆ ಬದಿಯ ಗದ್ದೆಗಳೆಲ್ಲ ಬೋಳಾಗಿದ್ದವು. ಎಲ್ಲಿಂದಲೋ ಒಂದು ಅಡ್ಡಮಳೆ ಬಂದು ನಾಲ್ಕು ಹನಿ ಉದುರಿಸಿ ಹೋಯಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ನೆನೆದ ಮಣ್ಣು, ಭತ್ತದ ಕೂಳೆ, ಅದರ ಮೇಲೆ ಕುರಿಯ ಹಿಕ್ಕೆ. ನಮ್ಮ ಕಡೆ ಬೆಳೆ ತೆಗೆದ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಅಂದರೆ ಸುತ್ತ ಬಲೆ ಕಟ್ಟಿ ಇಡೀ ಹಿಂಡನ್ನು ರಾತ್ರಿ ಅಲ್ಲೇ ಮಲಗಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗಾರರಿಗೆ ಕಾಳು ಸಿಗುತ್ತದೆ.

"ಯಾಕ್ರೀ ಸುಜಾತಾ ಮೇಡಂ, ವಾಸನಿ ತಡಿಯಾಕ ಆಗವಲ್ದೇನು? ಕಿಟಕಿ ಹಾಕ್ಲ್ಯಾ?" ಎಂದರು ಮನೆಯವರು.

"ಬ್ಯಾಡ್ರಿ, ಇರ್ಲಿ ಬಿಡ್ರಿ" ಎಂದೆ. ಖಾರ ಹತ್ತಿತು ಎಂದು ಸುಳ್ಳು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಮಸ್ಕಿ ಮತ್ತು ಲಿಂಗಸುಗೂರಿನ ನಡುವಿನ ಒಂದು ಗುಡ್ಡಕ್ಕೆ. ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಹೋಗಿ ನೋಡಲು ಅಲ್ಲಿ ಗುಡ್ಡವಿಲ್ಲ.

ನಾನು ಮಸ್ಕಿಯವಳು. ಶಾಸನದ ಊರಿನವಳು. ಕಲ್ಲಿನ ಮೇಲೆ ಬರೆದದ್ದು ಅಳಿಯುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು. ಓದು ಮುಗಿಸಿ ಕೆಲಸಕ್ಕೆ ಸೇರಿದ್ದು ಮಾತ್ರ ಕಲ್ಲನ್ನೇ ಪುಡಿ ಮಾಡಿ ಖಡಿ ಮಾರುವವರ ಹತ್ತಿರ. ಗಣಿಯವರು ಅಗೆದು ಬಿಟ್ಟ ನೆಲವನ್ನು ಮತ್ತೆ ನೆಲ ಮಾಡಿಕೊಡಬೇಕು, ಅಲ್ಲಿರುವ ಪ್ರಾಣಿಗಳ ಜಾಗ ಉಳಿಸಬೇಕು ಎಂಬ ಕರಾರಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಸಸ್ಯಶಾಸ್ತ್ರದ ಎಂಎಸ್ಸಿ ಮಾಡಿ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ನನ್ನನ್ನು ಕರೆದುಕೊಂಡು ಹೋದವನು ಅಮರೇಶಣ್ಣ.

ಅಮರೇಶಣ್ಣ ಆ ಗಣಿಯ ಮ್ಯಾನೇಜರ್, ಲಿಂಗಸುಗೂರಿನವನು, ನನ್ನ ಅಣ್ಣನ ಜೊತೆ ಕಾಲೇಜು ಓದಿದವನು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಪೂಜೆಯಾಗದೆ ನೀರು ಕುಡಿಯದ ಮನುಷ್ಯ. ನಮ್ಮದು ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ. ಅಣ್ಣನ ಬೇರೆ ಗೆಳೆಯರು ಬಂದರೆ ಹೊರಗೆ ಕಟ್ಟೆಯ ಮೇಲೆ ಕೂತು, ಅಂಗಡಿಯ ಚಹಾ ತರಿಸಿ ಕುಡಿದು, ಒಳಗೆ ಬಾ ಎಂದರೆ "ಇರ್ಲಿ ಬಿಡ್ರಿ, ಅರ್ಜಂಟ್ ಅದ" ಎಂದು ಗಾಡಿ ಹತ್ತುತ್ತಿದ್ದರು. ಅಮರೇಶಣ್ಣ ಮೊದಲ ದಿನವೇ ಸೀದಾ ಒಳಗೆ ಬಂದು, ಒಲೆಯ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು, "ಯವ್ವಾ, ಪುಂಡಿಪಲ್ಯ ಇನ್ನೊಂದಿಷ್ಟು ಹಾಕ್ರಿ" ಎಂದಿದ್ದ. ನಮ್ಮವ್ವ ಆ ಮಾತನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವನು ಬರುತ್ತಾನೆ ಎಂದರೆ ಬಿಸಿ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಇಂಥವನನ್ನು ನಂಬಬೇಡ ಎಂದು ಆಗ ಯಾರಾದರೂ ಹೇಳಿದ್ದರೆ ನಾನೇ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಗುಡ್ಡದ ಮುಂದಿನ ಮಗ್ಗುಲು ಹಳೆ ಕ್ವಾರಿ. ಕಲ್ಲು ತೆಗೆದು ಖಾಲಿಯಾಗಿ, ಬಾಯಿ ತೆರೆದುಕೊಂಡು ಬಿದ್ದಿತ್ತು. ಹಿಂದಿನ ಮಗ್ಗುಲಿಗೆ ಯಾರೂ ಉಳದ ಇಳಿಜಾರು. ಅದಕ್ಕೆ ಎಲ್ಲರೂ 'ಹಿಂದಿನ ಬೀಳು' ಎನ್ನುತ್ತಿದ್ದರು. ಕರಡದ ಹುಲ್ಲು, ತಂಗಡಿ ಗಿಡ, ಅಲ್ಲೊಂದು ಇಲ್ಲೊಂದು ಜಾಲಿ. ಆ ಬೀಳಿನಲ್ಲಿ ಚಿಗರಿಗಳಿದ್ದವು, ಅಂದರೆ ಕೃಷ್ಣಮೃಗಗಳು. ನಾನು ಮೊದಲ ಸಲ ಕಂಡದ್ದು ಒಂದು ಗಂಡು. ಬೆನ್ನೆಲ್ಲ ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ನಮ್ಮನ್ನು ನೋಡಿ ಓಡಲಿಲ್ಲ. 'ಯಾರು ನೀವು?' ಎನ್ನುವ ಹಾಗೆ ನಿಂತೇ ಇತ್ತು.

"ನೋಡು ತಂಗಿ," ಎಂದ ಅಮರೇಶಣ್ಣ, "ಹಳೆ ಕ್ವಾರಿ ಮುಚ್ಚಿ ಅಲ್ಲಿ ಏನರ ಬೆಳಸು. ಇದು ನಿನ್ನ ಕೆಲಸ. ಈ ಬೀಳಿಗೆ ಮಾತ್ರ ನಾವು ಕೈ ಹಚ್ಚಂಗಿಲ್ಲ. ಇದು ಚಿಗರೀದು."

ನಾನು ಎರಡು ಕೈಯಿಂದ ಆ ಮಾತನ್ನು ಇಸಿದುಕೊಂಡೆ. ಮೊದಲ ಮಳೆಗಾಲ ಸಸಿ ನೆಡಿಸಿದೆ. ಕ್ವಾರಿಯ ತಳಕ್ಕೆ ಒಡಕು ಕಲ್ಲು, ಅದರ ಮೇಲೆ ಗರಸು, ಅದರ ಮೇಲೆ ಹಿಂದೆ ಅಗೆಯುವಾಗ ಬೇರೆ ಗುಡ್ಡೆ ಹಾಕಿಟ್ಟಿದ್ದ ಮೇಲ್ಮಣ್ಣು. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ. ಸಸಿಗಳು ದೀಪಾವಳಿಗೆ ಬಾಡಿ, ಸಂಕ್ರಾಂತಿಗೆ ಕಡ್ಡಿಯಾದವು. ವರ್ಷಗಟ್ಟಲೆ ಗುಡ್ಡೆಯಾಗಿ ಬಿದ್ದ ಮಣ್ಣಿನಲ್ಲಿ ಜೀವವೇ ಇರಲಿಲ್ಲ. ಹಿಡಿ ಎತ್ತಿದರೆ ಬೆರಳ ಸಂದಿಯಿಂದ ಬೂದಿಯಂತೆ ಜಾರುತ್ತಿತ್ತು.

ಆ ಯುಗಾದಿಯ ಮುಂಚೆ ಅವ್ವನ ಜೊತೆ ನಮ್ಮ ಹೊಲಕ್ಕೆ ಹೋದಾಗ ಹೊಳೆಯಿತು. ನಮ್ಮ ಹೊಲದ ಒಂದು ಮೂಲೆಯಲ್ಲಿ ಹಿಂದಿನ ವರ್ಷ ಕುರಿ ತರುಬಿಸಿದ್ದೆವು. ಆ ಮೂಲೆಯಲ್ಲಿ ಬೆಳೆ ಎದೆಯುದ್ದ ಬಂದಿತ್ತು, ಅದರ ಜೊತೆ ಕಳೆಯೂ. ಕುರಿ ಎಲ್ಲೆಲ್ಲಿಯದೋ ಹುಲ್ಲು ಮೇದು ಬಂದು ಹಿಕ್ಕೆ ಹಾಕಿದರೆ ಅದರಲ್ಲಿ ಆ ಹುಲ್ಲಿನ ಬೀಜವೂ ಇರುತ್ತದಲ್ಲ! ಗೊಬ್ಬರಕ್ಕೆ ಗೊಬ್ಬರ, ಬಿತ್ತನೆಗೆ ಬಿತ್ತನೆ. ಮರುದಿನ ಓಡಿ ಹೋಗಿ ಅಮರೇಶಣ್ಣನಿಗೆ ಹೇಳಿದೆ.

"ಎಂಎಸ್ಸಿ ಓದಿ ಕೊನಿಗೆ ಕುರಿ ಹಿಕ್ಕಿಗೆ ಬಂದ್ಯಾ ಬೇ!" ಎಂದು ಬಿದ್ದು ಬಿದ್ದು ನಕ್ಕ.

"ನಗೂದು ಆಮ್ಯಾಲೆ ನಗ್ರಿ. ಹುಲ್ಲು ಬೇಕೋ ಬ್ಯಾಡೋ ನಿಮಗ?"

"ಬೇಕು ತಾಯಿ, ಬೇಕು. ಕರಿ ನಿನ್ನ ಕುರಿಗಾರರ್ನ."

ಬೀಳಿನ ಆಚೆಗೆ ಹಾಲುಮತದವರ ಹಟ್ಟಿಗಳಿದ್ದವು. ಅಲ್ಲಿಯ ಹಿರಿಯ ಬೀರಪ್ಪ, ಅವನ ಹೆಂಡತಿ ಮಾಳವ್ವ. ಬೀರಪ್ಪ ಮಾತು ಕಡಿಮೆ. ಮಾಳವ್ವ ಇಬ್ಬರ ಪಾಲಿನದೂ ಸೇರಿಸಿ ಮಾತಾಡುವಾಕೆ. ಹಿಂದಿನ ಬೀಳಿನ ಅಂಚಿನಲ್ಲಿ ಅವರ ಕುರಿ ಮೇಯುತ್ತಿದ್ದವು. ನಡುವಿನಲ್ಲಿ ಚಿಗರಿ. ಯಾರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ.

"ಕಲ್ಲಿನ ಮ್ಯಾಲೆ ಕುರಿ ಮಲಗಸ್ರಿ ಅಂತೀಯಲ್ಲವ್ವ, ನಮ್ಮ ಕುರಿ ನಿಂಗೇನು ಅನ್ಯಾಯ ಮಾಡ್ಯಾವು?" ಎಂದು ಮಾಳವ್ವ ಮೊದಲು ಗೇಲಿ ಮಾಡಿದಳು. ಅಮರೇಶಣ್ಣ ರೂಢಿಯ ಪ್ರಕಾರ ಕಾಳು ಕೊಡುತ್ತೇನೆಂದ. ಬೀರಪ್ಪ ತಲೆ ಅಲ್ಲಾಡಿಸಿದ.

"ಕಾಳು ಬ್ಯಾಡ್ರಿ. ಬ್ಯಾಸಗಿ ತುಂಬ ನಿಮ್ಮ ನೆಲದಾಗ ಕುರಿ ತರುಬ್ತೀವಿ. ಮಳಿಗಾಲ ನಾವು ಅತ್ತ ಬರಂಗಿಲ್ಲ, ಹುಲ್ಲು ಬೀಜ ಕಟ್ಟಲಿ, ಚಿಗರಿ ಈಯ್ಲಿ. ದೀಪಾವಳಿ ಪಾಡ್ಯಕ್ಕ ಕುರಿ ಹೊಡಕೊಂಡು ಬರ್ತೀವಿ. ಅಲ್ಲಿಂದ ಮುಂದಕ ಮ್ಯಾವು ನಮ್ದೂ ಅದ, ಚಿಗರೀದೂ ಅದ. ಹಿಂದಿನ ಬೀಳು ಹೆಂಗದನೋ ಹಂಗ ಇರಬೇಕು. ಇಷ್ಟಕ್ಕ ಮಾತು ಕೊಡ್ರಿ."

"ಕೊಟ್ಟೆ" ಎಂದ ಅಮರೇಶಣ್ಣ.

"ಹಂಗಲ್ರಿ" ಎಂದು ಬೀರಪ್ಪ ಒಳಗೆ ಹೋಗಿ ಒಂದು ಸಣ್ಣ ಚೀಲ ತಂದ. ಭಂಡಾರದ ಚೀಲ. ಅವರ ದೇವರ ಮುಂದೆ ಇಟ್ಟ ಅರಿಶಿನಪುಡಿ. ಆ ಹಟ್ಟಿಯಲ್ಲಿ ಹೆಣ್ಣು ಕೊಡುವ ಮಾತಾಗಲಿ, ಮೇವಿನ ಮಾತಾಗಲಿ, ಅಂಗೈಯಲ್ಲಿ ಭಂಡಾರ ಹಿಡಿದು ಹೇಳಿದರೆ ಮುಗಿಯಿತು. ಆಮೇಲೆ ಬರಹ ಬೇಡ, ಸಾಕ್ಷಿ ಬೇಡ. ಅಮರೇಶಣ್ಣ ಭಂಡಾರ ಹಿಡಿದು, ಬೀರಪ್ಪ ಹೇಳಿದ್ದನ್ನೆಲ್ಲ ಹೇಳಿ, ಅದನ್ನು ಹಣೆಯ ವಿಭೂತಿಯ ಕೆಳಗೆ ಭಕ್ತಿಯಿಂದ ಹಚ್ಚಿಕೊಂಡ. ಬೀರಪ್ಪ ನನ್ನ ಕಡೆಗೂ ಚೀಲ ಚಾಚಿದ. ನಮ್ಮ ಮನೆಯಲ್ಲಿ ಭಂಡಾರವಿಲ್ಲ, ಆಣೆಯಿಲ್ಲ. ಮಾತೆಂದರೆ ಮಾತು, ಅಷ್ಟೇ. ಆದರೂ ಕೈ ಒಡ್ಡಿದೆ. ನನ್ನನ್ನೂ ಮಾತಿಗೆ ತಕ್ಕವಳೆಂದು ಅವನು ಎಣಿಸಿದ್ದು ನನಗೆ ಹೆಚ್ಚಾಗಿತ್ತು.

ಸಂಜೆ ಮನೆಗೆ ಹೋದಾಗ ಅವ್ವ ಕೇಳಿದಳು, "ಇದೇನೆ ಕೈಯೆಲ್ಲ ಹಳದಿ?"

"ಮಾತು ಕೊಟ್ಟು ಬಂದೀನಿ."

"ಕೊಟ್ಟೀಯಂದ್ರ ನಡಸು ಮತ್ತ" ಎಂದು ರೊಟ್ಟಿ ಬಡಿಯತೊಡಗಿದಳು.

ಆ ಬೇಸಿಗೆ ನಾನು ಬಿಸಿಲನ್ನು ಬಿಸಿಲೆಂದುಕೊಳ್ಳಲಿಲ್ಲ. ಹೊತ್ತು ಮುಳುಗುವ ಮುಂಚೆ ಕುರಿಗಳು ಗುಡ್ಡ ಸುತ್ತಿ ಹಳೆ ಕ್ವಾರಿಗೆ ಇಳಿಯುತ್ತಿದ್ದವು. ಬೀರಪ್ಪ ಬಲೆಯನ್ನು ಪ್ರತಿ ಸಲ ಒಂದಿಷ್ಟು ಸರಿಸಿ ಕಟ್ಟುತ್ತಿದ್ದ, ಒಂದು ಮೂಲೆಯೂ ಬಿಡದಂತೆ. ಮಾಳವ್ವ ತಲೆಯ ಮೇಲೆ ಬುತ್ತಿ ಹೊತ್ತು ಬಂದು, "ಓದಿದಾಕಿ, ಉಣ್ಣು ಬಾ" ಎಂದು ಕರೆಯುತ್ತಿದ್ದಳು. ಜೋಳದ ಮುಟಗಿ, ಕುರಿ ಹಾಲಿನ ಗಟ್ಟಿ ಮೊಸರು. ಬೆಳಿಗ್ಗೆ ಬಂದು ನೋಡಿದರೆ ಕುರಿಯ ಗೊರಸು ಹಿಕ್ಕೆಯನ್ನು ಮಣ್ಣಿಗೆ ತುಳಿದು ಸೇರಿಸಿರುತ್ತಿತ್ತು. ಅದರ ಮೇಲೆ ಖಡಿ ಮಷೀನಿನ ಬಿಳಿ ಧೂಳು ಕೂತಿರುತ್ತಿತ್ತು. ಧೂಳಿಗೆ ನೀರು ಹೊಡೆಸಿ ಎಂದೆ. ಹೊಡೆಸಿದರು. ಗುಡ್ಡದ ನೆತ್ತಿಯಲ್ಲಿ ಕಲ್ಲಿಗೆ ಮದ್ದು ಸಿಡಿಸುವುದನ್ನು ಚಿಗರಿ ಮೇಯುವ ಮುಂಜಾನೆ ಬೇಡ, ಮಧ್ಯಾಹ್ನಕ್ಕೆ ಇಡಿ ಎಂದೆ. ಇಟ್ಟರು. ನಾನು ಕೇಳಿದ್ದಕ್ಕೆಲ್ಲ ಅಮರೇಶಣ್ಣ ಹೂಂ ಎನ್ನುತ್ತಿದ್ದ. ಎಂಥ ಅದೃಷ್ಟ ನನ್ನದು ಎಂದುಕೊಳ್ಳುತ್ತಿದ್ದೆ. ಥೂ!

ಒಂದಕ್ಕೆ ಮಾತ್ರ ಅವನು ಬೇರೆ ಹೇಳಿದ. ಬಿರುಬೇಸಿಗೆಯಲ್ಲಿ ಹಿಂದಿನ ಬೀಳಿನ ಹಳ್ಳ ಬತ್ತಿ, ಚಿಗರಿಗಳಿಗೆ ನೀರಿರಲಿಲ್ಲ. ಬೀಳಿನಲ್ಲಿ ಒಂದು ತೊಟ್ಟಿ ಕಟ್ಟಿಸಿ ಟ್ಯಾಂಕರಿನಿಂದ ತುಂಬಿಸಿ ಎಂದು ಕೇಳಿದೆ.

"ಅಲ್ಲಿಗೆ ಟ್ಯಾಂಕರ್ ಹತ್ತಂಗಿಲ್ಲ ತಂಗಿ. ನೀರು ಈ ಕಡಿ ಇಡೂಣ, ಹಳೆ ಕ್ವಾರಿ ಮಗ್ಗಲಕ. ಬಾಯಾರಿದ ಪ್ರಾಣಿ ತಾವ ಹುಡುಕಿಕೊಂಡು ಬರ್ತಾವ."

ನನಗೂ ಸರಿ ಅನ್ನಿಸಿತು. ತೊಟ್ಟಿಯಾಯಿತು. ಒಂದು ಬೆಳಿಗ್ಗೆ ಅದರ ಸುತ್ತಿನ ಕೆಸರಿನಲ್ಲಿ ಚೂಪು ಗೊರಸಿನ ಗುರುತುಗಳನ್ನು ಕಂಡು ಕುಣಿದಾಡಿದೆ. ಅಮರೇಶಣ್ಣನಿಗೆ ಫೋನು ಮಾಡಿ, "ಬಂದಾವಣ್ಣಾ! ನೀರಿಗೆ ಬಂದಾವ!" ಎಂದು ಕಿರುಚಿದೆ. "ಭಾಳ ಛಲೋ ಆತು" ಎಂದ ಅವನ ದನಿಯಲ್ಲಿ ಖರೇನೇ ಸಂತೋಷವಿತ್ತು. ಇರದೆ ಏನು?

ಮೃಗಶಿರ ಮಳೆ ಆ ವರ್ಷ ಸರಿಯಾಗಿ ಬಿತ್ತು. ನೆನೆದ ಹಿಕ್ಕೆಯ ವಾಸನೆ ಕ್ವಾರಿಯನ್ನೆಲ್ಲ ತುಂಬಿ ರಸ್ತೆಯ ತನಕ ಬರುತ್ತಿತ್ತು. ಬಸ್ಸಿನಲ್ಲಿ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಆ ಸತ್ತ ಮಣ್ಣಿನ ಮೇಲೆ ಹಸಿರು ಮೂಡಿತು. ಗರಿಕೆ, ಕರಡ, ತಂಗಡಿಯ ಪುಟ್ಟ ಎಲೆ. ನಾನು ಒಂದು ಬೀಜವನ್ನೂ ಹಾಕಿರಲಿಲ್ಲ. ಬಗ್ಗಿ ಕೂತು ಅಂಗೈಯಿಂದ ಸವರುತ್ತ ಅತ್ತುಬಿಟ್ಟೆ. ಬೀರಪ್ಪ ತನ್ನ ಮಾತಿನಂತೆ ಕುರಿಗಳನ್ನು ಹೊರಗೆ ಹೊಡೆದುಕೊಂಡು ಹೋಗಿ, ಸುತ್ತಲಿನ ಕಲ್ಲುಗಳಿಗೆ ಸುಣ್ಣ ಬಳಿದು ಬೇವಿನ ತೊಪ್ಪಲು ಕಟ್ಟಿದ. ಇಲ್ಲಿ ಮೇಯಿಸಬೇಡಿ ಎಂದು ಬೇರೆ ಕುರಿಗಾರರಿಗೆ ಅದು ಗುರುತು. ಮಳೆಗಾಲವಿಡೀ ಒಂದೇ ಒಂದು ಕುರಿ ಆ ಸುಣ್ಣದ ಕಲ್ಲು ದಾಟಲಿಲ್ಲ. ಮೇವು ಸಾಲದೆ ಅವರು ದೂರ ದೂರ ಅಲೆದರು. ಮಾಳವ್ವನ ಕಾಲು ಬಿರಿದು ರಕ್ತ ಬಂದಿತ್ತು. "ಪಾಡ್ಯ ಬರ್ಲಿ, ನಮ್ಮ ಕುರಿ ಹೊಟ್ಟಿ ಡೋಲಾಗೂ ತನಕ ಮೇಯಸ್ತೀನಿ ನೋಡು" ಎನ್ನುತ್ತಿದ್ದಳು.

ಹುಲ್ಲು ಮೊಣಕಾಲಿಗೆ ಬಂದಾಗ ಚಿಗರಿಗಳು ಗುಡ್ಡ ಸುತ್ತಿ ಈ ಕಡೆ ಬಂದು ನಿಂತವು. ಮೊದಲು ಆ ಕರಿ ಗಂಡು, ಹಿಂದೆ ಹೆಣ್ಣುಗಳು. ಹಿಂದಿನ ಬೀಳಿನ ಒರಟು ಕರಡಕ್ಕಿಂತ ಗೊಬ್ಬರದ ಈ ಎಳೆ ಹುಲ್ಲು ರುಚಿಯಿರಬೇಕು, ನೀರೂ ಹತ್ತಿರ. ಶ್ರಾವಣ ಮುಗಿಯುವ ಹೊತ್ತಿಗೆ ಹುಲ್ಲಿನ ನಡುವೆ ಮರಿ ಹಾಕಿದವು. ತಾಯಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿ ಮೇಯುತ್ತಿತ್ತು. ಅದರ ಹತ್ತಿರ ಹೋಗಬಾರದು ಎಂದು ಟಿಪ್ಪರ್ ಡ್ರೈವರುಗಳಿಗೆಲ್ಲ ಬೈದು ಬೈದು ಹೇಳಿದ್ದೆ. ನಾನು ಬಂಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತು, ಹುಲ್ಲಿನಿಂದ ಎರಡು ಕಿವಿ ಏಳುವುದನ್ನು ನೋಡುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಬೇರೆಲ್ಲೂ ಕೂತಿಲ್ಲ.

ದಸರೆಯ ಮುಂಚೆ ಮೇಲಿನ ಕಚೇರಿಯ ಸರ್ಕಾರಿ ಸಾಹೇಬರು ಗಣಿ ನೋಡಲು ಬಂದರು. ಅಮರೇಶಣ್ಣ ಅವರನ್ನು ಸೀದಾ ಹಳೆ ಕ್ವಾರಿಗೆ ಕರೆತಂದ. ಅವರು ಹುಲ್ಲು ನೋಡಿ ಬೆರಗಾದರು, ಚಿಗರಿಗಳ ಫೋಟೋ ತೆಗೆದುಕೊಂಡರು.

"ಇದೆಲ್ಲ ನಮ್ಮ ಮೇಡಂರ ಕೆಲಸ್ರಿ ಸರ್. ನಮ್ಮ ತಂಗಿ ಇದ್ದಂಗ" ಎಂದು ನನ್ನನ್ನು ಮುಂದೆ ದೂಡಿದ ಅಮರೇಶಣ್ಣ. "ಹೇಳಮ್ಮಾ, ಚಿಗರಿ ಈಗ ಎಲ್ಲಿ ಇರ್ತಾವ?"

"ಎಲ್ಲಾ ಈ ಕಡೀನೇ ಬಂದಾವ್ರಿ ಸರ್" ಎಂದೆ. ಹೆಮ್ಮೆಯಿಂದ ಕೈ ಚಾಚಿ ಹುಲ್ಲನ್ನೆಲ್ಲ ತೋರಿಸಿದೆ.

"ಆ ಹಿಂದಿನ ಬೀಳಿನಾಗ?" ಎಂದು ಮತ್ತೆ ಅಮರೇಶಣ್ಣನೇ ಕೇಳಿದ.

"ಈಗ ಅಲ್ಲಿ ಯಾವೂ ಕಾಣಂಗಿಲ್ರಿ. ಇಲ್ಲೇ ಮೇಯ್ತಾವ, ಇಲ್ಲೇ ಮರಿ ಹಾಕ್ಯಾವ."

ಬೇಸಿಗೆ ಬಂದು ಈ ಹುಲ್ಲು ಒಣಗಿದರೆ ಬೀಳಿಗೇ ಮರಳುತ್ತವೆ, ಅವಕ್ಕೆ ಎರಡೂ ಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮರೇಶಣ್ಣ, "ಬಿಸಿಲು ಭಾಳ ಅದ, ಚಹಾ ಆರಾಕತ್ತದ ಬರ್ರಿ ಸರ್" ಎಂದು ಎಲ್ಲರನ್ನೂ ಕರೆದುಕೊಂಡು ಹೋದ. ಹೋಗುವಾಗ ನನ್ನ ಬೆನ್ನು ತಟ್ಟಿದ. ನಾನು ಆ ತಟ್ಟಿದ್ದನ್ನು ಮನೆಗೆ ಹೋಗಿ ಅವ್ವನಿಗೆ ಹೇಳಿದೆ.

ದಸರೆಯ ಸಂಜೆ ಅವನು ಬನ್ನಿ ಕೊಡಲು ಮನೆಗೆ ಬಂದ. ನಮ್ಮ ಕಡೆ ಆ ದಿನ ಬನ್ನಿ ಎಲೆ ಕೈಗಿಟ್ಟು, ಹಳೆಯದೆಲ್ಲ ಮರೆತು ಬಂಗಾರದಂತೆ ಇರೋಣ ಎಂದು ಹೇಳಿಕೊಳ್ಳುತ್ತೇವೆ. ಅವ್ವನ ಕಾಲು ಮುಟ್ಟಿದ. ನನ್ನ ಕೈಗೆ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ ತಂಗಿ" ಎಂದ. ಅವ್ವ ಅವನಿಗೆ ಕರಿಗಡಬು ಬಡಿಸಿದಳು. ಇನ್ನೆರಡು ಬೇಡಿ ಉಂಡ.

ದೀಪಾವಳಿ ಪಾಡ್ಯದ ದಿನ ನಾನು ಬೇಗ ಗುಡ್ಡಕ್ಕೆ ಹೋದೆ. ಕುರಿಗಳು ಹುಲ್ಲಿಗೆ ಇಳಿಯುವುದನ್ನು ನೋಡಬೇಕಿತ್ತು. ಅವ್ವ ಮಾಳವ್ವನಿಗೆಂದು ಹೋಳಿಗೆ ಕಟ್ಟಿಕೊಟ್ಟಿದ್ದಳು. ತಿರುವಿನಲ್ಲೇ ಮಷೀನಿನ ಸದ್ದು ಕೇಳಿತು. ಹಬ್ಬದ ದಿನ ಯಾಕೆ ಕೆಲಸ ಎಂದುಕೊಂಡೆ. ಸದ್ದು ಖಡಿ ಮಷೀನಿನದಲ್ಲ, ಹಿಂದಿನ ಬೀಳಿನಿಂದ ಬರುತ್ತಿತ್ತು. ಜೆಸಿಬಿಗಳು ಬೀಳಿನ ಮೇಲ್ಮಣ್ಣನ್ನು ಹುಲ್ಲು, ತಂಗಡಿ ಸಮೇತ ಕೆರೆಯುತ್ತಿದ್ದವು. ಟಿಪ್ಪರುಗಳು ಆ ಮಣ್ಣನ್ನು ತುಂಬಿಕೊಂಡು ಗುಡ್ಡ ಸುತ್ತಿ ಬಂದು ಸುರಿಯುತ್ತಿದ್ದದ್ದು ಎಲ್ಲಿ ಎಂದುಕೊಂಡಿರಿ? ಹಳೆ ಕ್ವಾರಿಯಲ್ಲಿ. ನಮ್ಮ ಹುಲ್ಲಿನ ಮೇಲೆ.

ಆಗಲೇ ಬೀರಪ್ಪನ ಕುರಿಗಳು ಬಂದವು. ಹಬ್ಬಕ್ಕೆ ಮೈತೊಳೆದು, ಬೆನ್ನಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂ ಕಟ್ಟಿ ಕರೆತಂದಿದ್ದರು. ಹುಲ್ಲಿನ ವಾಸನೆಗೆ ಕುರಿಗಳು ಒಂದನ್ನೊಂದು ಒತ್ತಿ ಮುಂದೆ ನುಗ್ಗಿದವು. ಕಾವಲಿನವನು ಲಾಠಿ ಅಡ್ಡ ಹಿಡಿದ. ಸುಣ್ಣದ ಕಲ್ಲಿನ ಈ ಕಡೆ ಹಿಂಡು ನಿಂತಿತು. ಆ ಕಡೆ ಟಿಪ್ಪರು ಹಿಂಬದಿ ಎತ್ತಿ ಮಣ್ಣು ಇಳಿಸಿತು. ಚಿಗರಿಗಳು ಆಗಲೇ ತೊಗರಿ ಹೊಲದ ಕಡೆ ಓಡಿದ್ದವು. ಒಂದು ಹೆಣ್ಣು ಮಾತ್ರ ದೂರದಲ್ಲಿ ನಿಂತು ತಿರುಗಿ ತಿರುಗಿ ಈ ಕಡೆಗೇ ನೋಡುತ್ತಿತ್ತು.

"ಏನವ್ವ ಇದು?" ಎಂದ ಬೀರಪ್ಪ. ಅಷ್ಟೇ ಕೇಳಿದ.

"ನಂಗ ಗೊತ್ತಿಲ್ಲ ಯಜ್ಜಾ. ಬುದ್ಧನಾಣಿಗೂ ಗೊತ್ತಿಲ್ಲ" ಎಂದೆ. ಆಣೆ ಇಲ್ಲದ ಮನೆಯವಳು ಆಣೆ ಹಾಕಿದೆ.

ಬೀರಪ್ಪ ಬೇವಿನ ತೊಪ್ಪಲನ್ನು ಒಂದೊಂದೇ ಕಲ್ಲಿನಿಂದ ಬಿಚ್ಚಿದ. ಆಮೇಲೆ ಸೀಟಿ ಹೊಡೆದು ಹಿಂಡನ್ನು ತಿರುಗಿಸಿದ. ಮಾಳವ್ವ, ಆ ಬಾಯಿಬಡಕಿ ಮಾಳವ್ವ, ನನ್ನ ಮುಖವನ್ನೊಮ್ಮೆ ನೋಡಿ ಹಿಂಡಿನ ಹಿಂದೆ ನಡೆದುಬಿಟ್ಟಳು. ಹೋಳಿಗೆ ಗಂಟು ನನ್ನ ಕೈಯಲ್ಲೇ ಉಳಿಯಿತು.

ಸ್ಕೂಟಿ ತಿರುಗಿಸಿ ಸೀದಾ ಲಿಂಗಸುಗೂರಿಗೆ ಹೋದೆ. ಅಮರೇಶಣ್ಣ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಿದ್ದ.

"ಬಾ ತಂಗಿ, ಬರೋಬರಿ ಹೊತ್ತಿಗೆ ಬಂದಿ. ಕೈ ತೊಳಕೊ."

"ಬೀಳಿನಾಗ ಜೆಸಿಬಿ ಇಳದಾವ."

"ಹೂಂ. ಪರವಾನಗಿ ಬಂತು. ಗುಡ್ಡದ ಕಲ್ಲೆಲ್ಲ ಆ ಕಡಿನೇ ಅದ."

"ನೀವು ಭಂಡಾರ ಹಿಡದು ಹೇಳಿದ್ರಿ."

"ಅವರ ಸಮಾಧಾನಕ್ಕ ಹಿಡದೆ. ಅದಕ್ಯಾಕ ಅಷ್ಟು ತಲಿಗೆ ಹಚಗೊಂತಿ? ನೋಡು, ನಿನ್ನ ಕೆಲಸ ಛಲೋ ಆತು ಅಂತ ಪರವಾನಗಿ ಬಂದದ. ಹೋದ ಪ್ರಾಣಿ ಮತ್ತ ಬರ್ತಾವ, ಹುಲ್ಲು ಮತ್ತ ಬರ್ತದ ಅಂತ ನೀನ ತೋರಿಸಿ ಕೊಟ್ಟಿ. ಸಾಹೇಬ್ರು ಅದನ್ನ ಹೇಳಿದ್ರು. ಖುಷಿ ಪಡೂದು ಬಿಟ್ಟು ಇದೇನು?"

ಆಗ ನನಗೆ ನೀರಿನ ತೊಟ್ಟಿ ನೆನಪಾಯಿತು. ನೀರು ಈ ಕಡೆ ಇಡೋಣ ಎಂದದ್ದು. ನಾನು ಫೋನಿನಲ್ಲಿ ಕಿರುಚಿದಾಗ ಅವನಿಗಾದ ಸಂತೋಷ. ಚಹಾ ಆರುತ್ತಿದೆ ಎಂದದ್ದು.

"ಮೊದಲಿಂದ ಗೊತ್ತಿತ್ತೇನು ನಿಮಗ? ನನ್ನ ಕೆಲಸಕ್ಕ ತಗೊಂಡಾಗಿಂದ?"

ಅವನು ಕೋಪ ಮಾಡಿಕೊಳ್ಳಲಿಲ್ಲ. ಅನ್ನ ಕಲಸುತ್ತ, ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ, "ಅದಿಲ್ದ ನಿನ್ನ ಯಾಕ ತಗೊಂತಿದ್ದೆ ಬೇ?" ಎಂದ.

ನಾನು ಬಾಗಿಲಲ್ಲೇ ನಿಂತಿದ್ದೆ. ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದಳು. ಕುಡಿಯಲಿಲ್ಲ. ಅವತ್ತಿನಿಂದ ಆ ಮನುಷ್ಯನನ್ನು ಎದುರಿಗೆ ಅಣ್ಣಾ ಎಂದು ಕರೆದಿಲ್ಲ. ಇಲ್ಲಿ ಬರೆಯುವಾಗ ಆ ಹೆಸರು ಹಾಗೇ ಬರುತ್ತಿದೆ, ಏನು ಮಾಡಲಿ, ನಾಲಿಗೆಗೆ ರೂಢಿ.

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ನಂಬಲಿಲ್ಲ. "ನಮ್ಮ ಒಲಿ ಮುಂದ ಕುಂತು ಉಂಡಾನಲ್ಲೇ" ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ದಸರೆಯಲ್ಲಿ ಅವನು ಕೊಟ್ಟ ಬನ್ನಿ ಎಲೆಗಳನ್ನು ಕಾಳಿನ ಡಬ್ಬಿಯಲ್ಲಿ ಇಟ್ಟಿದ್ದಳು. ಅವನ್ನು ತೆಗೆದು ಒಲೆಗೆ ಹಾಕಿದಳು. ನಾನು ಕಚೇರಿಯಿಂದ ಕಚೇರಿಗೆ ತಿರುಗಿದೆ. ಒಂದು ಕಡೆ, "ಅಲ್ಲಿ ಪ್ರಾಣಿ ಇಲ್ಲ ಅಂತ ನೀವ ಹೇಳೀರಲ್ರಿ ಮೇಡಂ, ಈಗೇನು ತಕರಾರು?" ಎಂದರು. ಅದಕ್ಕೆ ನಾನು ಏನು ಹೇಳಬೇಕಿತ್ತೋ ಎಲ್ಲ ಹೇಳಿದೆ, ಕೂಗಾಡಿದೆ. ಅವರು ಫ್ಯಾನಿನ ಕೆಳಗೆ ಕೂತು ಕೇಳಿಸಿಕೊಂಡರು. ಗುಡ್ಡ ಒಡೆಯುತ್ತಲೇ ಇತ್ತು. ಕೆಲ ದಿನ ಬಿಟ್ಟು ಲಿಂಗಸುಗೂರು ರಸ್ತೆಯ ಬದಿಯಲ್ಲಿ ಒಂದು ಹೆಣ್ಣು ಚಿಗರಿ ವಾಹನಕ್ಕೆ ಸಿಕ್ಕು ಬಿದ್ದಿತ್ತು. ನಮ್ಮದೇ ಇರಬೇಕು. ಮತ್ತೆ ಯಾರದು?

ನಾನು ಕೆಲಸ ಬಿಟ್ಟೆ. ಹಟ್ಟಿಗೆ ಹೋಗಬೇಕೆಂದು ಎಷ್ಟೋ ಸಲ ಹೊರಟು, ತಿರುವಿನ ತನಕ ಹೋಗಿ, ಮುಖ ತೋರಿಸಲಾಗದೆ ಮರಳಿದೆ. ಆಮೇಲೆ ಹೋದಾಗ ಹಟ್ಟಿಗಳೇ ಇರಲಿಲ್ಲ. ಮೇವಿಲ್ಲದ ಕಡೆ ಕುರಿಗಾರರು ಯಾಕೆ ಇದ್ದಾರು?

ವಳಕಮದಿನ್ನಿಯಲ್ಲಿ ಅವತ್ತು ಊಟ ಮುಗಿಸಿ, ಆ ವಾಸನೆಯ ಬೆನ್ನು ಹತ್ತಿ ಗದ್ದೆಗೆ ಇಳಿದೆ. ಬಲೆಯ ಒಳಗೆ ಕುರಿಗಳು. ಬದುವಿನ ಮೇಲೆ ಒಬ್ಬ ಮುದುಕಿ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಗದ್ದೆಯವರು ಎದುರಿಗೆ ನಿಂತು ಹೇಳುತ್ತಿದ್ದರು, "ನೀ ಇನ್ನ ನಾಕು ದಿನ ತರುಬು ಯವ್ವ. ಕಾಳು ನಾ ಕೊಡ್ತೀನಿ, ಮಾತಂದ್ರ ಮಾತು."

"ಮಾತು ಬ್ಯಾಡ್ರೀ ಗೌಡ್ರ. ಕಾಳು ತಂದು ಇಲ್ಲಿ ಸುರೀರಿ, ಆಮ್ಯಾಲೆ ಬಲಿ ಕಟ್ಟತೀವಿ" ಎಂದಳು ಮುದುಕಿ. ಆ ದನಿ ಮಾಳವ್ವನದು.

ಅವರು ಗೊಣಗುತ್ತ ಹೋದ ಮೇಲೆ ನಾನು ಹತ್ತಿರ ಹೋಗಿ ನಿಂತೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಓದಿದಾಕಿ ಅಲ್ಲ?" ಎಂದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬೀರಪ್ಪ ಹೋಗಿಬಿಟ್ಟಿದ್ದ. ಈಗ ಮಕ್ಕಳ ಜೊತೆ ಬೇಸಿಗೆಗೆಲ್ಲ ಕಾಲುವೆ ಸೀಮೆಗೆ ಬಂದು ಕೂಳೆ ಮೇಯಿಸುತ್ತಾರಂತೆ.

"ನನ್ನ ಮ್ಯಾಲೆ ಸಿಟ್ಟದೇನು ಮಾಳವ್ವ?" ಎಂದು ಕೇಳಿಯೇಬಿಟ್ಟೆ. ಬೈಯಲಿ ಎಂದು ಆಸೆಯಾಗಿತ್ತು. ಬೈದಿದ್ದರೆ ಅವಳ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.

"ನಿನ್ನ ಮ್ಯಾಲೆ ಯಾಕವ್ವ? ನಿನ್ನೂ ನಮ್ಮ ಜೋಡಿ ಮುಳಗಿಸಿದ್ರು, ನಂಗ ಕಾಣಸಲಿಲ್ಲೇನು ಆ ದಿನ?" ಎಂದಳು. ಮರಿಯ ಕಾಲಿಗೆ ಉಗುಳು ಹಚ್ಚಿ ಒರೆಸಿದಳು.

"ಆ ಭಂಡಾರದ ಚೀಲ ಎಲ್ಲದ?"

"ದೇವ್ರ ಮುಂದ ಅದ. ಈಗ ಮಾತಿಗೆ ಅದನ್ನ ತಗ್ಯಂಗಿಲ್ಲ. ಮುದುಕ ಸಾಯೂ ಮುಂದ ಹೇಳಿ ಹೋದ. ಇನ್ನ ಮ್ಯಾಲೆ ಮನಷ್ಯಾರ ಕೈಯಾಗ ಇದನ್ನ ಇಡಬ್ಯಾಡ್ರಿ ಅಂತ." ಸಿಟ್ಟಿಲ್ಲದೆ, ಮಳೆಯ ಮಾತು ಆಡುವ ಹಾಗೆ ಹೇಳಿದಳು. "ಎಲ್ಲಾ ಹಟ್ಟ್ಯಾಗೂ ಬಿಟ್ಟಾರ. ಈಗ ಮೊದಲ ಕಾಳು, ಆಮ್ಯಾಲೆ ಕುರಿ."

ಅಂದು ಭಂಡಾರ ಹಿಡಿದಿದ್ದ ನನ್ನ ಅಂಗೈಯನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಕೊಂಡೆ. ಅವಳು ಸಣ್ಣ ಗಡಿಗೆಯಿಂದ ಹಾಲು ಬಗ್ಗಿಸಿ ಕೊಟ್ಟಳು, ಕುಡಿದೆ. ಹೊತ್ತಾಯಿತು, ಬಸ್ಸಿಗೆ ಹೋಗಬೇಕು ಎಂದು ಎದ್ದೆ. ಹೊರಡುವಾಗ ನನ್ನ ಬಾಯಿಂದ ತಾನಾಗಿ ಬಂತು, "ಮುಂದಿನ ಐತವಾರ ಖರೇನ ಬರ್ತೀನಿ ಮಾಳವ್ವ. ನಮ್ಮವ್ವನ್ನೂ ಕರಕೊಂಡು."

ಮಾಳವ್ವ ಮರಿಯನ್ನು ಕೆಳಗಿಳಿಸಿ, ನನ್ನ ಮುಖ ನೋಡಿ, ಕೈ ಅಡ್ಡ ಮಾಡಿದಳು.

"ಹಂಗ ಹೇಳಬ್ಯಾಡವ್ವ. ಬಂದಾಗ ಬಾ."